ವರ್ನಾಗೋಸ್ಕರ ಉಳಿದ ಲಿಫ್ಟ್

ಹಿಮದಲ್ಲಿ ಸ್ಕೀ ಆಡುವವರನ್ನು ಪೆಡ್ಲರ್ ಗುಡ್ಡದ ತುದಿಗೆ ಹೊತ್ತೊಯ್ಯುವ ಹಳೆಯ ಕುರ್ಚಿ ಲಿಫ್ಟನ್ನು ಕಿತ್ತು ಹೊಸದು ಹಾಕದೆ ಉಳಿಸಬೇಕೆಂದು ಊರಿನ ಅಂಗಡಿ, ಅಂಚೆ ಕಚೇರಿ, ಪೆಟ್ರೋಲ್ ಬಂಕು ಎಲ್ಲ ಕಡೆ ಪೋಸ್ಟರ್ ಅಂಟಿಸಿದ್ದರು. ಪೋಸ್ಟರಿನ ತುಂಬ ವರ್ನಾ ಲ್ಯಾಂಫಿಯರ್ ಇದ್ದಳು. ಇಪ್ಪತ್ತರ ಹರೆಯದ ವರ್ನಾ, ಕೆಂಪು ಸ್ವೆಟರ್ ತೊಟ್ಟು, ಇಬ್ಬರು ಕೂರುವ ಕುರ್ಚಿಯಲ್ಲಿ ಒಬ್ಬಳೇ ಕೂತು ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ ‘ವರ್ನಾಳ ಲಿಫ್ಟ್ ಉಳಿಸಿ’ ಎಂದಿತ್ತು. ಅವಳನ್ನೂ ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಈಗ ವರ್ನಾಳಿಗೆ ಎಪ್ಪತ್ತು ದಾಟಿತ್ತು. ಬೇಸಿಗೆಯಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಮೊದಲ ಹಿಮ ಬಿದ್ದ ದಿನ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಲಿಫ್ಟಿನ ಮುಂದೆ ಹೋಗಿ ನಿಂತಳು. ಹಳೆಯ ಲಿಫ್ಟಿಗೆ ದಯೆ ದಾಕ್ಷಿಣ್ಯ ಇಲ್ಲ, ಮುದುಕರೆಂದು ಅದು ನಿಧಾನಿಸುವುದೂ ಇಲ್ಲ. ಕುರ್ಚಿ ಹಿಂದಿನಿಂದ ಬಂದು ಮಂಡಿಯ ಹಿಂಬದಿಗೆ ಗುದ್ದಿತು, ವರ್ನಾ ಮಕಾಡೆ ಬಿದ್ದಳು. ಲಿಫ್ಟ್ ನಡೆಸುವ ಟ್ರೂಡಿ ಓಡಿ ಬಂದು ಎಬ್ಬಿಸಿದಳು. ಯಾರಿಗೂ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡದ್ದಾಯಿತು.

ಅಂದಿನಿಂದ ವರ್ನಾ ಪ್ರತಿ ಶನಿವಾರ ಬೂಟು ಬಿಗಿದು, ಕೋಟಿನ ಮೇಲೆ ತಾನೇ ಒಂದು ಹಿಡಿ ಹಿಮ ಉದುರಿಸಿಕೊಂಡು, ಗುಡ್ಡದ ಬುಡದ ಲಾಡ್ಜಿನಲ್ಲಿ ಒಲೆಯ ಪಕ್ಕ ಬಂದು ಕೂರುತ್ತಿದ್ದಳು. ನೋಡಿದವರು ಈಗತಾನೇ ಇಳಿದು ಬಂದಿದ್ದಾಳೆ ಅಂದುಕೊಳ್ಳುತ್ತಿದ್ದರು. ಹಿಮ ಚೆನ್ನಾಗಿದೆಯಾ ಎಂದು ಕೇಳಿದರೆ, ಚೆನ್ನಾಗಿದೆ ಅನ್ನುತ್ತಿದ್ದಳು. ಒಮ್ಮೆ ಕದ್ದುಮುಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು, ಕಣಿವೆಯಾಚೆಯ ದೊಡ್ಡ ಸ್ಕೀ ರೆಸಾರ್ಟಿಗೂ ಹೋಗಿಬಂದಳು. ಪೆಡ್ಲರ್ ಗುಡ್ಡದವರಿಗೆ ಅದು ಗಂಡನ ಕಣ್ಣು ತಪ್ಪಿಸಿ ಓಡಿಹೋದಷ್ಟೇ ದೊಡ್ಡ ಅಪರಾಧ. ಅಲ್ಲಿನ ಹೊಸ ಲಿಫ್ಟು ಹತ್ತುವ ಜಾಗದಲ್ಲಿ ನಿಧಾನವಾಗಿ ಹತ್ತಿರ ಬಂದು ಅವಳನ್ನು ಮೆಲ್ಲಗೆ ಕೂರಿಸಿಕೊಂಡಿತು. ವರ್ನಾಗೆ ಅಳು ಬಂತು. ಅಂಥದೊಂದು ಲಿಫ್ಟ್ ತನ್ನ ಗುಡ್ಡಕ್ಕೆ ಬಾರದಿದ್ದರೆ ತಾನಿನ್ನು ಆ ತುದಿಯನ್ನು ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಪೋಸ್ಟರಿನ ಹಿಂದಿನ ತಲೆ ರಾಯ್ಸ್ ಬ್ಯಾಚೆಲ್ಡರನದು. ವರ್ನಾಳ ಪಕ್ಕದ ಮನೆಯವನು, ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಹಿಂದಿದ್ದವನು. ಪರಂಪರೆ, ಸಂಸ್ಕೃತಿ, ಗುಡ್ಡದ ಆತ್ಮ ಎಂದೆಲ್ಲ ಅವನು ಮಾತಾಡುತ್ತಿದ್ದ. ಅಸಲಿ ಕಥೆ ಬೇರೆ. ಹಳೆಯ ಲಿಫ್ಟು ಒಮ್ಮೆಗೆ ಇಬ್ಬರನ್ನಷ್ಟೇ ಹೊರುವುದರಿಂದ ಮುಂಜಾನೆ ಸಾಲಿನಲ್ಲಿ ಮೊದಲು ನಿಂತವನಿಗೆ ಬಹಳ ಹೊತ್ತಿನ ತನಕ ಜಾರಲು ಯಾರೂ ತುಳಿಯದ ಹೊಸ ಹಿಮ ಸಿಗುತ್ತದೆ. ಸಾಲಿನಲ್ಲಿ ಮೊದಲು ನಿಲ್ಲುವವನು ರಾಯ್ಸ್. ಎದುರು ಪಕ್ಷದ ಮುಖಂಡ ಹಲ್ಲಿನ ಡಾಕ್ಟರು ಕೋಲ್ಬಿ ಏನೂ ಕಡಿಮೆಯವನಲ್ಲ. ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿದ್ದ ಅವನಿಗೆ ನಾಲ್ವರು ಕೂರುವ ಹೊಸ ಲಿಫ್ಟಿನಲ್ಲಿ ಮನುಕುಲದ ಏಳಿಗೆಯೇ ಕಾಣುತ್ತಿತ್ತು.

ಗುಡ್ಡ ಊರಿನ ಸ್ಕೀ ಸಂಘದ ಸದಸ್ಯರದೇ ಸ್ವತ್ತು, ಆದ್ದರಿಂದ ತೀರ್ಮಾನವೂ ಅವರ ಸಭೆಯದೇ. ಲಾಡ್ಜ್ ಕಿಕ್ಕಿರಿದಿತ್ತು. ಒದ್ದೆ ಕೈಗವಸು ಮತ್ತು ಬೀನ್ಸ್ ಸೂಪಿನ ವಾಸನೆಯಲ್ಲಿ ವಾದ ಸಾಗಿತು. ಹೊಸ ಲಿಫ್ಟ್ ಬಂದರೆ ನ್ಯೂಜೆರ್ಸಿಯ ಪ್ರವಾಸಿಗರು ನುಗ್ಗುತ್ತಾರೆ ಎಂದು ಒಬ್ಬ ಹೆದರಿಸಿದ. ಅವರು ಬರದಿದ್ದರೆ ಗುಡ್ಡವೇ ಮುಚ್ಚುತ್ತದೆ ಎಂದು ಇನ್ನೊಬ್ಬ ಹೆದರಿಸಿದ. ಆ ವಯಸ್ಸಿನಲ್ಲಿ ವರ್ನಾ ಕುಂಟುತ್ತ ಏರುವ ಹಳೆಯ ಲಿಫ್ಟಿನಲ್ಲಿ ಅಷ್ಟು ಹೊತ್ತು ಚಳಿಯಲ್ಲಿ ತೂಗಾಡಬೇಕಾ ಎಂದು ಕೋಲ್ಬಿ ಕನಿಕರಪಟ್ಟ. ವರ್ನಾ ಆ ಕುರ್ಚಿ ಬಿಟ್ಟು ಬದುಕಿಯಾಳಾ ಎಂದು ರಾಯ್ಸ್ ಗದ್ಗದನಾದ. ಅವಳು ಅಲ್ಲೇ, ಒಲೆಯ ಪಕ್ಕದಲ್ಲೇ ಕೂತಿದ್ದಳು. ಕೇಳಿ ಕೇಳಿ ಅವಳಿಗೆ ರೇಗಿಹೋಯಿತು.

ಅವಳು ಎದ್ದು ನಿಂತಳು. “ಈ ಚಳಿಗಾಲದಲ್ಲಿ ನಾನು ಒಂದು ಸಲಾನೂ ಮೇಲೆ ಹೋಗಿಲ್ಲ. ನಿಮ್ಮ ಪರಂಪರೆ ನನ್ನ ಮಂಡಿಗೆ ಗುದ್ದಿ ಕೆಡವಿಬಿಡ್ತು. ನನಗೆ ಬೇಕಾಗಿರೋದು ಹೊಸ ಲಿಫ್ಟು.”

ಕೋಲ್ಬಿಯ ಮುಖ ಅರಳಿತು. ಆದರೆ ರಾಯ್ಸ್ ಸುಲಭದಲ್ಲಿ ಸೋಲುವ ಆಸಾಮಿಯಲ್ಲ. ಕಣ್ಣೊರೆಸಿಕೊಂಡು ಅವನು ಒಂದು ತಿದ್ದುಪಡಿ ಮಂಡಿಸಿದ. ವರ್ನಾ ಯಾವಾಗ ಬಂದರೂ, ಅವಳು ಹತ್ತಿ ಕೂರುವ ತನಕ ಲಿಫ್ಟನ್ನು ಪೂರ್ತಿ ನಿಲ್ಲಿಸತಕ್ಕದ್ದು. ಇದಲ್ಲವೇ ನಮ್ಮ ಗುಡ್ಡದ ಗುಣ ಎಂದ. ಚಪ್ಪಾಳೆ ಬಿತ್ತು, ಕೆಲವರು ಅತ್ತರು. ಹಳೆಯ ಲಿಫ್ಟು ಭಾರಿ ಬಹುಮತದಿಂದ ಉಳಿಯಿತು. ವರ್ನಾ ವಿರುದ್ಧವಾಗಿ ಕೈ ಎತ್ತಿದ್ದನ್ನು ಅವಳನ್ನು ಅಪ್ಪಿಕೊಳ್ಳಲು ಬಂದ ಯಾರೂ ಗಮನಿಸಲಿಲ್ಲ.

ಮುಂದಿನ ಶನಿವಾರ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು. ಊರಿಗೆ ಊರೇ ಸಾಲಿನಲ್ಲಿತ್ತು. ವರ್ನಾಳ ಸರದಿ ಬಂದಾಗ ಟ್ರೂಡಿ ಗುಂಡಿ ಒತ್ತಿದಳು. ಲಿಫ್ಟು ಕಿರುಗುಟ್ಟಿ ನಿಂತಿತು, ಮೇಲಿನ ಕುರ್ಚಿಗಳೆಲ್ಲ ಗಾಳಿಯಲ್ಲಿ ತೂಗಾಡತೊಡಗಿದವು. ವರ್ನಾ ಟ್ರೂಡಿಯ ಭುಜ ಹಿಡಿದು, ಒಂದೊಂದೇ ಸ್ಕೀ ಸರಿಸುತ್ತ ಬಂದಳು.

“ಯಾವ ದರಿದ್ರದವರಪ್ಪಾ ನಿಲ್ಸಿದ್ದು?” ಮೇಲಿಂದ ರಾಯ್ಸ್ ಅರಚಿದ. ಎರಡನೇ ಸುತ್ತಿಗೆ ಏರುತ್ತಿದ್ದ ಅವನು ಮೂರು ಕುರ್ಚಿ ಮುಂದಿದ್ದ. “ಬೇರೆಯವರು ಆಗಲೇ ಕಾಡಿನೊಳಗಿನ ಹೊಸ ಹಿಮಕ್ಕೆ ಇಳೀತಿದಾರೆ, ಬೇಗ ಬಿಡ್ರೋ!”

“ನಾನು ಕಣೋ ರಾಯ್ಸ್, ವರ್ನಾ.”

ರಾಯ್ಸ್ ಕುರ್ಚಿಯಲ್ಲೇ ತಿರುಗಿ ಕೆಳಗೆ ನೋಡಿದ. “ಓ, ನೀನಾ. ನಿಧಾನಕ್ಕೆ ಹತ್ತು, ಪರವಾಗಿಲ್ಲ.”

ವರ್ನಾ ಅವನ ಮಾತನ್ನು ಅಕ್ಷರಶಃ ಪಾಲಿಸಿದಳು. ಕೈಗವಸು ಕಳಚಿ ಮತ್ತೆ ಹಾಕಿಕೊಂಡಳು. ಮೂಗು ಒರೆಸಿಕೊಂಡಳು. ಟ್ರೂಡಿಯ ತಾಯಿಯ ಆರೋಗ್ಯ ವಿಚಾರಿಸಿದಳು. ಆಮೇಲೆ ಕೂತು, ಬೆಳ್ಳಗೆ ಬಾಗಿದ ಮರಗಳ ಮೇಲೆ ತೇಲುತ್ತ ತುದಿಗೆ ಹೋದಳು. ಸುತ್ತುದಾರಿಯ ಇಳಿಜಾರಿನಲ್ಲಿ ಹುಷಾರಾಗಿ ಜಾರುತ್ತ ಬಂದಾಗ ಮಂಡಿ ನೋಯಿತು, ಆದರೂ ಅವಳಿಗೆ ಹಾಡಬೇಕೆನಿಸುವಷ್ಟು ಖುಷಿಯಾಗಿತ್ತು. ನೇರ ಹೋಗಿ ಮತ್ತೆ ಸಾಲಿನಲ್ಲಿ ನಿಂತಳು. ಲಿಫ್ಟು ಮತ್ತೆ ನಿಂತಿತು. ಮಧ್ಯಾಹ್ನದವರೆಗೂ ಇದೇ ನಡೆಯಿತು.

ಊಟದ ಹೊತ್ತಿಗೆ ರಾಯ್ಸ್ ಸೂಪಿನ ಬಟ್ಟಲು ಹಿಡಿದು ಅವಳ ಪಕ್ಕ ಬಂದು ಕೂತ. ಮುಖ ಚಳಿಗೆ ನೀಲಿಗಟ್ಟಿತ್ತು.

“ನೋಡು ವರ್ನಾ, ನಾನು ತುಂಬಾ ಯೋಚನೆ ಮಾಡ್ದೆ. ನಿನ್ನ ಕಷ್ಟ ನೋಡೋಕಾಗ್ತಿಲ್ಲ. ಆ ಹೊಸ ಲಿಫ್ಟನ್ನೇ ಹಾಕಿಸಿಬಿಡೋಣ. ನಿನಗೋಸ್ಕರ.”

ವರ್ನಾ ಬಗ್ಗಿ ಬೂಟಿನ ಪಟ್ಟಿ ಬಿಗಿದುಕೊಂಡಳು.

“ನನಗೋಸ್ಕರ ಏನೂ ಬೇಡಪ್ಪ. ನನಗೀಗ ಈ ಹಳೇದೇ ಚೆನ್ನಾಗಿ ಒಗ್ಗಿಹೋಗಿದೆ. ಬೇಗ ಊಟ ಮುಗಿಸಿ ಬಾ, ನನ್ನ ಮುಂದಿನ ಕುರ್ಚಿ ನೀನೇ ಹತ್ತು,” ಎಂದು ಹೇಳಿ ಅವಳು ಎದ್ದು ಹೊರಗೆ ನಡೆದಳು.