ಪಾಳಿಯ ಮಂಚ

ನನ್ನ ಗಂಡನ ಸಂಬಳ ನನ್ನದರ ಎರಡರಷ್ಟು. ಅತ್ತೆ ಇದನ್ನು ಎಷ್ಟು ಜನರಿಗೆ ಹೇಳಿದ್ದರೆಂದರೆ, ಹೊಸಬರಿಗೆ ನನ್ನ ಹೆಸರಿಗಿಂತ ಮೊದಲು ಅದೇ ಗೊತ್ತಿರುತ್ತಿತ್ತು. ಇಬ್ಬರೂ ಕಿರಿಯ ಡಾಕ್ಟರುಗಳೇ, ಒಂದೇ ಕಾಲೇಜು, ಒಂದೇ ಬ್ಯಾಚು. ಅವನು ಮಹಾನಗರದ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ನಾನು ಸಣ್ಣ ನಗರವೊಂದರ ಹೆರಿಗೆ ವಾರ್ಡಿನಲ್ಲಿ. ಮದುವೆಯಾದ ಮೇಲೆ ಯಾರಾದರೊಬ್ಬರು ಕೆಲಸ ಬಿಡಬೇಕಿತ್ತು. ಯಾರು ಎಂಬುದು ಅತ್ತೆಗೆ ಪ್ರಶ್ನೆಯೇ ಆಗಿರಲಿಲ್ಲ.

"ಬ್ಯಾಂಕಲ್ಲಿ ಜೀವನ ಪೂರ್ತಿ ಕ್ಯಾಶ್ ಎಣಿಸಿದೋಳು ನಾನು. ಯಾವ ಸಂಖ್ಯೆ ದೊಡ್ಡದು ಅಂತ ನನಗೆ ಹೇಳ್ಕೊಡಬೇಡ. ರಾಜೀನಾಮೆ ಕೊಟ್ಟು ಅಲ್ಲಿಗೆ ಹೋಗು."

"ಅಲ್ಲಿ ಬಾಡಿಗೆ ಎಷ್ಟು ಅತ್ತೆ?"

"ಅದನ್ನ ಅವನು ನೋಡ್ಕೋತಾನೆ."

ಆ ತಿಂಗಳಷ್ಟೇ ನಮ್ಮ ಹಿರಿಯ ಡಾಕ್ಟರು ಸಿಸೇರಿಯನ್ ಮಾಡಲು ನನ್ನ ಕೈಗೆ ಚಾಕು ಕೊಟ್ಟು, ತಾವು ಎದುರು ಬದಿಯಲ್ಲಿ ನಿಂತಿದ್ದರು. ಮಹಾನಗರದಲ್ಲಿ ನನ್ನ ವಯಸ್ಸಿನವರು ಇನ್ನೂ ಹಲವು ವರ್ಷ ಬೇರೆಯವರ ಆಪರೇಷನ್ನಿನಲ್ಲಿ ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಲ್ಲಬೇಕು, ಅಷ್ಟೇ. ಇಲ್ಲಿ ನನಗೆ ಎರಡು ಕೋಣೆಯ ಕ್ವಾರ್ಟರ್ಸ್ ಇತ್ತು. ಮಕ್ಕಳ ಡಾಕ್ಟರ ಹುದ್ದೆಯೂ ಖಾಲಿ ಇತ್ತು. ಹೇಳಿದ್ದಕ್ಕೆ ಗಂಡ "ನೋಡೋಣ" ಎಂದಿದ್ದ. ಅವರ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ.

ತಾನಿರುವ ರೂಮನ್ನು ಅವನು ಒಮ್ಮೆಯೂ ತೋರಿಸಿರಲಿಲ್ಲ. ಮನೆ ನೋಡದೆ ರಾಜೀನಾಮೆ ಬರೆಯಲ್ಲ ಎಂದು ಕೂತೆ.

"ನಡಿ, ನಾನೂ ಬರ್ತೀನಿ. ಪಾತ್ರೆ ಎಲ್ಲಿ ಜೋಡಿಸೋದು ಅಂತ ನೋಡ್ಬೇಕಲ್ಲ" ಎಂದರು ಅತ್ತೆ. ಹೇಳದೆ ಹೋಗುವ ಯೋಚನೆಯೂ ಅವರದೇ. "ಹೇಳಿದ್ರೆ ರಜೆ ಹಾಕ್ತಾನೆ, ಸಂಬಳ ಹಿಡೀತಾರೆ."

ಎರಡು ಬಸ್ಸು ಬದಲಿಸಿ, ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆವು. ಚಿಲಕ ಹಾಕಿರಲಿಲ್ಲ. ಹಾಡಹಗಲಲ್ಲೂ ಒಳಗೆ ಕತ್ತಲು. ಕಿಟಕಿಗೆ ಹಳೆಯ ಬೆಡ್‌ಶೀಟು ಕಟ್ಟಿತ್ತು. ಒಂದು ಮಂಚ, ಒಂದು ಕುರ್ಚಿ, ಮಂಚದ ಮೇಲೆ ಮುಸುಕು ಹೊದ್ದ ಒಂದು ಆಕಾರ.

"ಡ್ಯೂಟಿಗೆ ಹೋಗಿಲ್ವೇನೋ? ಹುಷಾರಿಲ್ವಾ?" ಎಂದು ಅತ್ತೆ ಮುಸುಕು ಎಳೆದರು.

ಗಡ್ಡದವನೊಬ್ಬ ಸ್ಪ್ರಿಂಗಿನಂತೆ ಎದ್ದು ಕುಳಿತ. "ಬಿಪಿ ಎಷ್ಟಿದೆ ಸಿಸ್ಟರ್?"

"ನನ್ನ ಬಿಪಿ ಈಗ ನೋಡಿದ್ರೆ ನಿನ್ನ ಮೆಷಿನ್ ಒಡೆದು ಹೋಗುತ್ತೆ. ಯಾರಯ್ಯಾ ನೀನು? ನನ್ನ ಮಗನ ಮಂಚದಲ್ಲಿ ನಿನಗೇನು ಕೆಲಸ?"

ಅವನೂ ಡಾಕ್ಟರೇ. ಕಣ್ಣುಜ್ಜುತ್ತಾ ವಿವರಿಸಿದ. "ನನಗೆ ಯಾವಾಗ್ಲೂ ನೈಟ್ ಡ್ಯೂಟಿ ಆಂಟಿ, ಅವನಿಗೆ ಡೇ. ಅವನು ಎದ್ದಾಗ ನಾನು ಮಲಗ್ತೀನಿ. ಬಾಡಿಗೆ ಅರ್ಧ ಅರ್ಧ."

"ಇಬ್ಬರಿಗೂ ಒಟ್ಟಿಗೆ ರಜೆ ಬಂದ್ರೆ?"

"ಒಬ್ಬ ಎಕ್ಸ್-ರೇ ಟೇಬಲ್ ಮೇಲೆ. ಬೆನ್ನಿಗೆ ಒಳ್ಳೇದು."

ಅತ್ತೆ ಕುರ್ಚಿಯ ಮೇಲೆ ಕುಸಿದರು. ಮದುವೆಗೆ ಅವರು ಕೊಟ್ಟಿದ್ದ ಪಾತ್ರೆಯ ಪೆಟ್ಟಿಗೆ ಮಂಚದ ಕೆಳಗಿತ್ತು. ಹಗ್ಗ ಕೂಡ ಬಿಚ್ಚಿರಲಿಲ್ಲ. ಅದರ ಮೇಲೆ ಎರಡು ಜೊತೆ ಶೂ.

ಸಂಜೆ ಗಂಡ ಬಂದ. ತನ್ನ ಮಂಚದ ಮೇಲೆ ತಾಯಿ ಕೂತಿದ್ದು ನೋಡಿ ಬಾಗಿಲಲ್ಲೇ ನಿಂತ. ಗಡ್ಡದವನು ಡ್ಯೂಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ.

"ಅರ್ಧ ಸಂಬಳ ಈ ಅರ್ಧ ಮಂಚಕ್ಕೇ ಹೋಗುತ್ತೆ ಅಮ್ಮಾ" ಎಂದು ಕೊನೆಗೆ ಬಾಯಿಬಿಟ್ಟ. "ಬಸ್ಸು, ಕ್ಯಾಂಟೀನು ಕಳೆದು ಉಳಿದದ್ದನ್ನ ನಿನಗೆ ಕಳಿಸ್ತೀನಿ."

"ನಾನೇನು ಕೇಳಿದ್ನಾ? ನನಗೆ ಪೆನ್ಷನ್ ಇದೆ. ನಿನ್ನ ದುಡ್ಡನ್ನ ಪಕ್ಕದ ಮನೆಯವರಿಗೆ ಹೇಳ್ಕೊಂಡು ತಿರುಗಕ್ಕೆ ಇಟ್ಕೊಂಡಿದ್ದೆ, ಅಷ್ಟೇ."

"ದೊಡ್ಡ ಆಸ್ಪತ್ರೆ. ಹೆಸರಿದೆ."

ಅತ್ತೆಯ ಎದುರು ಅವನನ್ನು 'ನೀವು' ಎನ್ನಬೇಕೆಂಬುದು ಮನೆಯ ಕಟ್ಟಳೆ. ಆಗ ನೆನಪಾಗಲಿಲ್ಲ. "ಈ ವರ್ಷ ನಿನ್ನ ಕೈಯಾರೆ ಏನು ಮಾಡಿದೀಯ, ಹೇಳು."

ಅವನು ಯೋಚಿಸಿದ. "ಡಿಸ್ಚಾರ್ಜ್ ಚೀಟಿ ಬರ್ದಿದೀನಿ."

"ತುಂಬಾ ಚೆನ್ನಾಗಿ ಬರೀತಾನೆ" ಎಂದ ಗಡ್ಡದವನು, ಲೇಸು ಕಟ್ಟುತ್ತಾ.

"ಹೆಂಡ್ತಿ ಊರಿಗೆ ಹೋಗಿ ಸೇರ್ಕೊಂಡ ಅಂತ ಜನ ಆಡ್ಕೋತಾರಮ್ಮಾ" ಎಂದ ನನ್ನ ಗಂಡ. ಅವನ ಹತ್ತಿರ ಉಳಿದಿದ್ದ ಕೊನೆಯ ಬಾಣ ಅದು.

"ಆಡ್ಕೊಳ್ಳೋ ಜನ ಬಂದು ಬಾಡಿಗೆ ಕಟ್ತಾರೇನೋ?" ಅತ್ತೆ ಎದ್ದು, ಶೂಗಳನ್ನು ಕಾಲಲ್ಲಿ ತಳ್ಳಿ, ಪೆಟ್ಟಿಗೆಯನ್ನು ಹೊರಗೆಳೆದರು. "ರಾಜೀನಾಮೆ ಬರೆಯೋದು ಇವಳಲ್ಲ, ನೀನು. ಹೊತ್ಕೋ ಇದನ್ನ."

ಗೆದ್ದವರು ಸುಮ್ಮನಿರಬೇಕು ಎನ್ನುತ್ತಾರೆ. ನಾನು ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಕ್ಕೆ.

ಅವನು ನಮ್ಮ ಆಸ್ಪತ್ರೆಗೆ ಸೇರಿದ ವಾರವೇ ಒಂದು ಕಷ್ಟದ ಸಿಸೇರಿಯನ್ ಬಂತು. ಮಗುವನ್ನು ಹೊರತೆಗೆದೆ. ನೀಲಿಯಾಗಿತ್ತು, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು, ಅಳಲಿಲ್ಲ. ಅವನ ಕೈಗೆ ಕೊಟ್ಟೆ. ತಿರುಗಿ ನೋಡುವಂತಿರಲಿಲ್ಲ, ತಾಯಿಯ ರಕ್ತಸ್ರಾವ ನನ್ನ ಪಾಲಿನದು. ಹಿಂದೆ ಅವನು ಮಗುವನ್ನು ಉಜ್ಜುವ ಸದ್ದು ಕೇಳಿತು, ಆಮೇಲೆ ಉಸಿರು ತುಂಬುವ ಗಾಳಿಚೀಲ ಒತ್ತುವ ಸದ್ದು. ಒತ್ತು, ಬಿಡು. ಒತ್ತು, ಬಿಡು. ನಾನು ಹೊಲಿಗೆ ಹಾಕುತ್ತಲೇ ಇದ್ದೆ.

ಮಗು ಕಿರುಚಿತು. ಹಿಂದೆಯೇ ಅವನೂ ಕಿರುಚಿದ. "ಗುಲಾಬಿ! ಗುಲಾಬಿ ಆಯ್ತು!"

"ಕೂಗಬೇಡ, ಹೊಲಿಗೆ ನಡೀತಿದೆ" ಎಂದೆ. ಮಾಸ್ಕಿನೊಳಗೆ ನನ್ನ ಬಾಯಿ ಕಿವಿಯವರೆಗೆ ಹೋಗಿತ್ತು.

ಎದುರು ನಿಂತಿದ್ದ ಹಿರಿಯ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಕೈಗವಸು ಬಿಚ್ಚಿ, ಚಹಾ ಕುಡಿಯಲು ಹೊರಟರು. ನಮ್ಮ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಗಂಡನ ಸಂಬಳ ಈಗ ನನ್ನದಷ್ಟೇ. ತಿಂಗಳ ಕೊನೆಗೆ ಉಳಿಯುವುದು ಮಾತ್ರ ಮೊದಲಿಗಿಂತ ಹೆಚ್ಚು. ಅತ್ತೆ ಈಗ ಪಕ್ಕದ ಮನೆಯವರಿಗೆ ಅದನ್ನು ಹೇಳಿಕೊಂಡು ತಿರುಗುತ್ತಾರೆ.

ಆ ಸಿಸೇರಿಯನ್ ದಿನ ಮಧ್ಯಾಹ್ನ ಕ್ವಾರ್ಟರ್ಸಿಗೆ ಹೋದಾಗ ಅವನು ಮಂಚದ ಮೇಲೆ ಅಡ್ಡಡ್ಡ ಮಲಗಿದ್ದ, ತಲೆ ಒಂದು ಮೂಲೆಗೆ, ಕಾಲು ಇನ್ನೊಂದಕ್ಕೆ. ಎಬ್ಬಿಸಿ ಜಾಗ ಕೇಳುವವರು ಯಾರೂ ಇಲ್ಲವೆಂದು ಮೈಗೆ ಗೊತ್ತಾಗಿತ್ತು. ಅವತ್ತೊಂದು ದಿನ ಬಿಟ್ಟೆ. ಮರುದಿನ ಮೊಣಕೈಯಲ್ಲಿ ತಿವಿದು ನನ್ನ ಅರ್ಧವನ್ನು ವಸೂಲಿ ಮಾಡಿಕೊಂಡೆ.