ಅಲುಗದ ಬಿಲ್ಲೆಗಳು

ಉಗುರು ಮುರಿಯಿತು, ಬಿಲ್ಲೆ ಅಲುಗಲಿಲ್ಲ. ಗಂಡನ ಶವದ ಪಕ್ಕದಿಂದ ಎದ್ದು ಬಂದವಳು, ಗೋಡೆಗೆ ಒರಗಿಸಿದ್ದ ಹಲಗೆಯ ಮೇಲಿನ ಇನ್ನೊಂದು ಮರದ ಬಿಲ್ಲೆಯನ್ನು ಹಿಡಿದು ಜಗ್ಗಿದಳು. ಅದೂ ಅಷ್ಟೇ.

"ಇದೇನ್ ಮಾಡಿದ್ದೀರಿ?"

ಹಲಗೆ ತಂದಿದ್ದ ಕಲಾಭವನದ ಮುಖ್ಯಸ್ಥರು ಹೂಮಾಲೆ ಕೆಳಗಿಟ್ಟರು. "ಅಂಟು ಹಾಕಿಸಿದ್ವಿ ಅಮ್ಮಾ. ಬಂದವರೆಲ್ಲ ತಿರುಗಿಸಿ ತಿರುಗಿಸಿ ಕೆಡಿಸ್ತಿದ್ರು. ಮೇಷ್ಟ್ರು ಮೊದಲ ದಿನ ಜೋಡಿಸಿದ ಹಾಗೇ, ಫೋಟೋ ನೋಡ್ಕೊಂಡು ಕೂರಿಸಿದೀವಿ."

"ಜೋಡಿಸಿದ್ದು ಅವರಲ್ಲ, ನಾನು. ಅದೂ ಕಣ್ಣು ಮುಚ್ಕೊಂಡು."

*

ಶಾಲೆಯಲ್ಲಿ ಲೆಕ್ಕ ಕಲಿಸಿ ಬಂದ ಮೇಷ್ಟ್ರು ಸಂಜೆಯೆಲ್ಲ ಅಡುಗೆಮನೆಯ ಮೇಜಿನ ಮೇಲೆ ಚೌಕದ ಬಿಲ್ಲೆ ಕೊಯ್ಯುತ್ತಿದ್ದರು. ಶಾಲೆಯ ಮಕ್ಕಳು ಬಡಗಿಯ ಅಳತೆಪಟ್ಟಿಯ ಹೆಸರಿಟ್ಟು ಅವರನ್ನು 'ಮೂಲೆಮಟ್ಟ' ಎನ್ನುತ್ತಿದ್ದುದು ಸುಮ್ಮನಲ್ಲ. ಪ್ರತಿ ಬಿಲ್ಲೆಯ ಮೇಲೂ ಬದಿಗಳ ನಟ್ಟನಡುವೆ ಮುಗಿಯುವ ಎರಡು ಕಮಾನು ಗೆರೆ. ಯಾವ ಕಡೆ ತಿರುಗಿಸಿಟ್ಟರೂ ಒಂದರ ಗೆರೆ ಪಕ್ಕದ್ದಕ್ಕೆ ಸೇರುತ್ತಿತ್ತು.

"ಕಣ್ಣು ಮುಚ್ಕೊಂಡು ಜೋಡ್ಸು," ಎಂದರು ಒಮ್ಮೆ ಹೆಂಡತಿಗೆ.

"ನಿಮ್ಮ ಲೆಕ್ಕ ನನಗೆಲ್ಲಿ ಬರತ್ತೆ? ತಪ್ಪಾದ್ರೆ?"

"ತಪ್ಪಾಗೋಕೆ ದಾರಿನೇ ಇಲ್ಲ ಕಣೇ. ಬೆಳಗಿಂದ ಮಕ್ಕಳ ಪುಸ್ತಕಕ್ಕೆಲ್ಲ ಕೆಂಪು ಗೀಟು ಎಳೆದು ಬರ್ತೀನಿ. ಮನುಷ್ಯನಿಗೆ ತಪ್ಪೇ ಆಗದ ಜಾಗ ಒಂದಾದ್ರೂ ಬೇಡ್ವಾ?"

ಅವಳು ಕಣ್ಣು ಬಿಟ್ಟಾಗ ಮೇಜಿನ ತುಂಬ ಗೆರೆಗಳು ಕೂಡಿ ಆದ ಉಂಗುರಗಳು, ಹೊಳೆಗಳು, ನಡುವೆ ಒಂದು ದಪ್ಪ ಬಾತುಕೋಳಿ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲಾಭವನದ ಪ್ರದರ್ಶನದಲ್ಲಿ ಮೊದಲ ದಿನ ಆ ಜೋಡಣೆಯನ್ನೇ ಹಲಗೆಯ ಮೇಲಿಟ್ಟು, 'ಮುಟ್ಟಿ, ತಿರುಗಿಸಿ' ಎಂದು ಕೈಯಾರೆ ಚೀಟಿ ಬರೆದು ನೇತುಹಾಕಿದರು.

*

"ಆ ನಡುವಿನ ಆಕೃತಿ ಅನಂತದ ಸಂಕೇತ ಅಂತ ವಿದ್ವಾಂಸರೇ ಬರೆದಿದಾರೆ," ಎಂದರು ಮುಖ್ಯಸ್ಥರು.

"ಅದು ಬಾತುಕೋಳಿ."

ಯಾರೋ ಕೆಮ್ಮಿದರು. ಮಗಳು ತಗ್ಗಿದ ದನಿಯಲ್ಲಿ, "ಅಮ್ಮಾ, ಜನ ನೋಡ್ತಿದಾರೆ. ಆಮೇಲೆ ಮಾತಾಡೋಣ," ಎಂದಳು.

"ಆಮೇಲೆ ಅಂದ್ರೆ? ನಿಮ್ಮಪ್ಪನ್ನ ಕಳಿಸಿಕೊಟ್ಟ ಮೇಲಾ? ಬದುಕಿದ್ದಾಗ ಒಂದು ಮಾತು ಕೇಳಲಿಲ್ಲ. ಸತ್ತ ಮೇಲೆ ಇದನ್ನ ತಂದು ಅವರ ಎದುರೇ ನಿಲ್ಲಿಸಿದಾರೆ."

ತಾಯಿ ಒಳಗೆ ಹೋಗಿ ಗಂಡನ ಉಳಿ, ಸುತ್ತಿಗೆ ತಂದಳು. ಮೊದಲ ಏಟಿಗೇ ಹಲಗೆ ಜಾರಿತು.

"ಬೆಲೆಬಾಳೋ ಕೃತಿ ಅಮ್ಮಾ, ಹಾಳಾಗತ್ತೆ. ನೀವಾದ್ರೂ ಹೇಳಿ," ಎಂದು ಮುಖ್ಯಸ್ಥರು ಮಗಳ ಕಡೆ ತಿರುಗಿದರು.

ಮಗಳು ಎದ್ದು ಬಂದಳು. ನೆಲಕ್ಕೆ ಮೊಣಕಾಲೂರಿ, ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. "ಈಗ ಹೊಡಿ."

ಬಿಲ್ಲೆಯೊಂದು ಕಿತ್ತು ಬಂತು. ಬೆನ್ನಿಗೆ ಅಂಟಿನ ಹಕ್ಕಳೆ. ತಾಯಿ ಅದನ್ನು ಮುಖ್ಯಸ್ಥರ ಕೈಗಿಟ್ಟಳು.

"ಹೇಗೆ ಬೇಕಾದ್ರೂ ಇಡಿ."

ಮುಖ್ಯಸ್ಥರು ಅದನ್ನು ಅಂಗೈಯಲ್ಲಿ ತಿರುಗಿಸುತ್ತ, ಮೇಲಿನ ಬದಿ ಯಾವುದೆಂದು ಹುಡುಕುತ್ತ ನಿಂತರು.