ಮಷೀನ್ ಯಾರಿಗೂ ಸರ್ ಅನ್ನುವುದಿಲ್ಲ

"ಆ ಲಿಫ್ಟ್ ನಿಮ್ಮಪ್ಪ ಹಾಕ್ಸಿದ್ದೇನೇ? ಎಷ್ಟು ಸಲ ಬಡ್ಕೋಬೇಕು ನಿಂಗೆ, ಹಿಂದ್ಗಡೆ ಲಿಫ್ಟಲ್ಲಿ ಬಾ ಅಂತ!"

ದ್ರೌಪದಿಯ ಒಂದು ಕಾಲು ಲಿಫ್ಟಿನ ಒಳಗೆ, ಇನ್ನೊಂದು ಹೊರಗೆ. ಬಾಗಿಲು ಎರಡೂ ಕಡೆಯಿಂದ ಬಂದು ಅವಳನ್ನು ಒತ್ತಿ ನೋಡಿತು. ಇವಳು ಒಳಗಿನವಳೋ ಹೊರಗಿನವಳೋ ಅದಕ್ಕೂ ತಿಳಿಯಲಿಲ್ಲವೇನೋ, ಮತ್ತೆ ತೆರೆದುಕೊಂಡಿತು.

ಒಳಗೆ ನಿಂತು ಬೈಯುತ್ತಿದ್ದವನು ಸುಮುಖ, ಕಂಪನಿಯ ಯಜಮಾನ. ಬೆಂಗಳೂರಿನ ಹುಡುಗ. ಐರೋಲಿಯಲ್ಲಿ ಸಮುದ್ರದ ಖಾಡಿ ಕಾಣುವ ಫ್ಲ್ಯಾಟು, ಬೆಳಿಗ್ಗೆ ಪ್ರಾಣಾಯಾಮ, ಆಫೀಸಿಗೆ ಬಂದ ಮೇಲೆ ಈ ಬಾಯಿ.

"ಟ್ರೇನ್ ಲೇಟ್ ಆತ್ರಿ ಸರ್. ಹಿಂದಿನ ಲಿಫ್ಟಿನಾಗ ಕಚರಾ ತುಂಬ್ಯಾರ."

"ತುಂಬಿರ್ಲಿ. ಅದರ ಜೊತೆ ಬಾ. ನಿನ್ ಕತ್ತಲ್ಲಿ ಯಾವ ಬಣ್ಣ ಇದೆ ನೋಡ್ಕೊ."

ಅವಳ ಕತ್ತಿನಲ್ಲಿ ಐಡಿ ಕಾರ್ಡಿನ ಬೂದು ದಾರ ಇತ್ತು. ಆ ಕಟ್ಟಡದಲ್ಲಿ ನೀಲಿ ದಾರದವರು ಆಫೀಸಿನವರು. ಬೂದು ದಾರ ಎಂದರೆ ಗುಡಿಸುವವರು, ಒರೆಸುವವರು, ಕಕ್ಕಸು ತೊಳೆಯುವವರು. ದ್ರೌಪದಿ ಕಲ್ಯಾಣದ ಕಾಲೇಜಿನಲ್ಲಿ ಕಂಪ್ಯೂಟರ್ ಓದಿ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಎರಡು ವರ್ಷದಿಂದ ಇಲ್ಲಿ ಕೋಡ್ ಬರೆಯುತ್ತಿದ್ದಳು. ಆದರೂ ದಾರ ಬೂದು ಬಣ್ಣದ್ದೇ. ವಾಚ್‌ಮನ್ ಮುರಾರಿ ಆಕಾಶ ನೋಡುತ್ತಾ ನಿಂತಿದ್ದ. ಅವಳು ಹಿಂದೆ ಹೋಗಿ, ಒದ್ದೆ ಚೀಲಗಳ ನಡುವೆ ಮೂಗು ಮುಚ್ಚಿಕೊಂಡು ಮೇಲೇರಿದಳು.

ವಿಷಯ ಇಷ್ಟೇ. ಸುಮುಖ ಜಗತ್ತಿಗೆ ಮಾರುತ್ತಿದ್ದದ್ದು 'ಚಿಟಿಕೆ' ಎಂಬ ಮಷೀನನ್ನು. ಗಿರಾಕಿ ಎಲ್ಲೋ ಕುಳಿತು ತನಗೆ ಬೇಕಾದದ್ದನ್ನು ಟೈಪ್ ಮಾಡಬೇಕು. ನನ್ನ ಚಪ್ಪಲಿ ಅಂಗಡಿಗೆ ವೆಬ್‌ಸೈಟ್ ಬೇಕು, ನನ್ನ ಆ್ಯಪಿನಲ್ಲಿ ಈ ಬಟನ್ ಕೆಟ್ಟಿದೆ. ಚಿಟಿಕೆ ತಾನೇ ಯೋಚಿಸಿ, ತಾನೇ ಕೋಡ್ ಬರೆದು ಕೊಡುತ್ತದೆ. ಊಟ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದ: 'ಮನುಷ್ಯರ ಕೈ ಸೋಕದ ಕೋಡ್.' ಅವನ ಅಜ್ಜಿ ಮಡಿ ಅಡುಗೆಯ ಬಗ್ಗೆಯೂ ಹೀಗೇ ಹೇಳುತ್ತಿದ್ದಿರಬೇಕು.

ಈ ಮಡಿಯ ಕೋಡನ್ನು ಬರೆಯುತ್ತಿದ್ದವರು ದ್ರೌಪದಿ, ಉಡುಪಿ ಕಡೆಯ ಲತೀಶ್, ಮತ್ತೆ ಮೂವರು. ನಿಜವಾದ ಮಷೀನನ್ನೂ ಸುಮುಖ ಮಾಡಲು ನೋಡಿದ್ದ, ಇಲ್ಲವೆಂದಲ್ಲ. ಅದು ಚಪ್ಪಲಿ ಅಂಗಡಿ ಕೇಳಿದರೆ ಮದುವೆ ಕಾಗದ ಮಾಡಿಕೊಡುತ್ತಿತ್ತು. 'ಮಷೀನ್ ಕಲಿಯೋವರೆಗೂ ನೀವು ಸ್ವಲ್ಪ ದಿನ ಮಷೀನ್ ಆಗಿರಿ' ಎಂದು ಇವರನ್ನು ಕೂರಿಸಿದ. ಶ್ರೀಮಂತರ ಮನೆಯ ಮಗನ ಹಾಗೆ ಅದು ಇನ್ನೂ ಕಲಿಯುತ್ತಲೇ ಇತ್ತು.

ರಬಾಳೆಯ ಹಳೆಯ ಬಣ್ಣದ ಕಾರ್ಖಾನೆಯನ್ನು ಕೆಡವದೆ ಗಾಜು ಹೊದಿಸಿ ಆಫೀಸು ಮಾಡಿದ್ದರು. ಬಣ್ಣದ ಡಬ್ಬಿ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ ಇವರದು. ಬಾಗಿಲ ಮೇಲೆ 'ಸರ್ವರ್ ರೂಮ್, ಪ್ರವೇಶವಿಲ್ಲ' ಎಂಬ ಬೋರ್ಡು. ಒಳಗಿನ ಚಿಲಕವನ್ನು ಸುಮುಖ ಕೀಳಿಸಿದ್ದ. ಮಷೀನಿಗೆ ಯಾಕೆ ಚಿಲಕ? ಕಂಪನಿಯಲ್ಲಿ ಇಂಜಿನಿಯರುಗಳೇ ಇಲ್ಲ ಎಂದು ಹೂಡಿಕೆದಾರರಿಗೆ ಹೇಳಿಯಾಗಿದ್ದರಿಂದ, ಐದೂ ಜನರನ್ನು ಹೌಸ್‌ಕೀಪಿಂಗ್ ಗುತ್ತಿಗೆದಾರನ ಲೆಕ್ಕಕ್ಕೆ ಬರೆಸಿದ್ದ. ಬೂದು ದಾರ ಬಂದದ್ದು ಹಾಗೆ.

ಗಿರಾಕಿ ಕೇಳಿದ ಕೂಡಲೇ ಅವನ ಪರದೆಯ ಮೇಲೆ ಮೂರು ಚುಕ್ಕೆಗಳು ಕುಣಿಯಲು ಶುರುವಾಗುತ್ತಿದ್ದವು, 'ಚಿಟಿಕೆ ಯೋಚಿಸುತ್ತಿದೆ' ಎಂದು. ಒಳಗಿನವರು ಉತ್ತರ ಕಳಿಸುವವರೆಗೂ ಕುಣಿಯುತ್ತಲೇ ಇರುತ್ತಿದ್ದವು. ಇಡೀ ಚಿಟಿಕೆಯಲ್ಲಿ ಮನುಷ್ಯರ ಸಹಾಯವಿಲ್ಲದೆ ತಾನಾಗಿಯೇ ನಡೆಯುತ್ತಿದ್ದದ್ದು ಆ ಮೂರು ಚುಕ್ಕೆ ಮಾತ್ರ.

ಒಮ್ಮೆ ಲತೀಶ್ ಕೆಲಸ ಮುಗಿಸಿ ಅಭ್ಯಾಸಬಲದಿಂದ 'ಆಯ್ತು ಸರ್, ಒಮ್ಮೆ ಚೆಕ್ ಮಾಡಿ ಸರ್' ಎಂದು ಕಳಿಸಿಬಿಟ್ಟಿದ್ದ. ಆಸ್ಟ್ರೇಲಿಯಾದ ಗಿರಾಕಿ, ನಿಮ್ಮ ಮಷೀನಿಗೆ ಎಷ್ಟು ವಿನಯ, ಅದು ಭಾರತದ್ದೇ ಇರಬೇಕು ಎಂದು ಬರೆದ. ಸುಮುಖ ಕೋಣೆಗೆ ನುಗ್ಗಿ ಬಂದ.

"ಸರ್ ಅಂತೆ ಸರ್! ಗುಲಾಮಗಿರಿ ನಿಮ್ ಬೆರಳಲ್ಲೇ ಇದೆಯಲ್ರೋ! ಮಷೀನ್ ಯಾರಿಗೂ ಸರ್ ಅನ್ನಲ್ಲ. ತಲೆಗೆ ಹೋಯ್ತಾ?"

"ಹೋಯ್ತು," ಎಂದ ಲತೀಶ್.

"ಹೋಯ್ತು? ಹೋಯ್ತು ಏನು?"

"ಹೋಯ್ತು ಸರ್."

ಲಿಫ್ಟಿನಲ್ಲಿ ಬೈಸಿಕೊಂಡ ದಿನ ಸಂಜೆ ಕಲ್ಯಾಣ ಪೂರ್ವದ ಚಾಳಿನ ಮನೆಯಲ್ಲಿ ಮರಗಮ್ಮ ಮಗಳ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ಶಹಾಪುರದ ಕಡೆಯಿಂದ ರಸ್ತೆ ಅಗೆಯಲು ಬಂದು, ಗಂಡನನ್ನು ಅದೇ ರಸ್ತೆಗೆ ಕೊಟ್ಟು, ಈಗ ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸು ಅವಳು. ದ್ರೌಪದಿ ಸುಮ್ಮನೆ ಕೂರಲಾರದೆ ಮೂಲೆಯ ಪೊರಕೆಗೆ ಕೈ ಹಾಕಿದಳು.

"ಏಯ್! ಕಸಬರಗಿ ಇಡು ಅಲ್ಲಿ! ಕೈ ಮುರೀತೀನಿ ನೋಡು!"

ಆ ಮನೆಯಲ್ಲಿ ಮಗಳು ಪೊರಕೆ ಮುಟ್ಟುವಂತಿರಲಿಲ್ಲ. ಹುಟ್ಟಿದಾಗಿನಿಂದ ಮರಗಮ್ಮ ಮುಟ್ಟಿಸಿರಲಿಲ್ಲ. ಜ್ವರ ಬಂದು ಮಲಗಿದರೂ ಎದ್ದು ತಾನೇ ಗುಡಿಸುತ್ತಿದ್ದಳು. ಚಾಳಿನ ಹೆಂಗಸರು ರಾಣಿ, ಮಹಾರಾಣಿ ಎಂದು ಆಡಿಕೊಂಡರೆ 'ಹೌದು, ರಾಣಿನೇ, ನಿನ್ನ ಗಂಟೇನು ಹೋತು?' ಎಂದು ಬಾಯಿ ಮುಚ್ಚಿಸುತ್ತಿದ್ದಳು.

"ಕೆಲಸದ ಚೀಟಿ ಕೊಟ್ನೇನ ನಿಮ್ಮ ಸುಮುಖಪ್ಪ?"

"ನಾಳಿ ಸಿಂಗಾಪುರದ ಮೇಡಂ ಬರ್ತಾಳ, ರೊಕ್ಕ ಹಾಕಾಕಿ. ಆಕಿ ನೋಡ್ಕೊಂಡು ಹೋದಮ್ಯಾಲ ಕೊಡ್ತಾನಂತ. ಪಕ್ಕಾ ಅಂದಾನ."

ಐರೋಲಿಯ ಬೇರೊಂದು ಕಂಪನಿಯವರು ದ್ರೌಪದಿಯ ಇಂಟರ್‌ವ್ಯೂ ಮಾಡಿ ಒಪ್ಪಿದ್ದರು. ಅಲ್ಲಿ ನೀಲಿ ದಾರ. ಅವರು ಕೇಳಿದ್ದು ಒಂದೇ: ಎರಡು ವರ್ಷ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೆ ಎನ್ನುತ್ತೀಯಲ್ಲ, ಹಾಗೆಂದು ಹಳೇ ಕಂಪನಿಯ ಪತ್ರ ತಾ. ಸೋಮವಾರದೊಳಗೆ ತಾ.

"ಮಷೀನಿಗೆ ಯಾರರೆ ಚೀಟಿ ಕೊಡ್ತಾರೇನ್ ಹುಚ್ಚಿ? ಎಣ್ಣಿ ಬಿಡ್ತಾರ, ಕೆಟ್ರ ಗುಜರಿಯಂವಗ ಹಾಕ್ತಾರ. ಆ ಭಾಡ್ಯಾನ ಮಾತು ನಂಬ್ತಿ ನೀ."

"ಮಮ್ಮಿ, ಬಸ್ ಕರ್ ನಾ. ಕೊಡ್ತಾನ ಅಂದ್ನೆಲ್ಲ."

"ಕೊಟ್ರ ನನ್ನ ಹೆಸರು ಮರಗಮ್ಮ ಅಲ್ಲ. ಉಣ್ಣು ಏಳು."

ಮರುದಿನ ಬೆಳಿಗ್ಗೆ ಸುಮುಖ ಐದೂ ಜನರನ್ನು ಕೋಣೆಗೆ ತುಂಬಿ ನಿಯಮ ಓದಿದ. ಕೆಮ್ಮಬಾರದು. ನಗಬಾರದು. ಕುರ್ಚಿ ಎಳೆಯಬಾರದು. ಮೇಡಂ ಹೋಗುವ ತನಕ ಹೊರಗೆ ಬರಬಾರದು.

"ಬಾತ್ರೂಮ್?" ಎಂದಳು ದ್ರೌಪದಿ.

"ತಡ್ಕೊ. ಸರ್ವರ್ ಎಲ್ಲಾದ್ರೂ ಬಾತ್ರೂಮಿಗೆ ಹೋಗುತ್ತಾ?"

ತಡೆದುಕೊಂಡಳು. ತಡೆದುಕೊಳ್ಳುವ ಮಟ್ಟಿಗೆ ತಡೆದುಕೊಂಡಳು. ಕೊನೆಗೆ ಆಗದೆ ಹೋಗಿ ತಿರುಗಿ ಬರುವಾಗ, ಹೇಳಿದ್ದಕ್ಕಿಂತ ಮೊದಲೇ ಬಂದಿಳಿದಿದ್ದ ಸಿಂಗಾಪುರದ ಅಪರ್ಣಾ ಮೇಡಂ ಕಾಫಿಯ ಕಾಗದದ ಲೋಟ ಹಿಡಿದು ಕಾರಿಡಾರಿನಲ್ಲಿ ಎದುರಿಗೇ ನಿಂತಿದ್ದಳು. ಪಕ್ಕದಲ್ಲಿ ಸುಮುಖ. ಅವನ ಮುಖದ ರಕ್ತ ಇಳಿದದ್ದು ಕಾಣಿಸಿತು. ಆದರೆ ಬುದ್ಧಿವಂತ. ಗೋಡೆಗೆ ಒರಗಿಸಿದ್ದ, ನೆಲ ಒರೆಸುವ ಮಾಪನ್ನು ತೆಗೆದು ದ್ರೌಪದಿಯ ಕೈಗೆ ತುರುಕಿದ.

"ನಮ್ ಹೌಸ್‌ಕೀಪಿಂಗ್ ಹುಡುಗಿ ಮೇಡಂ. ನಮ್ ಕರ್ನಾಟಕದವಳೇ."

"ಓ, ಕನ್ನಡದವಳಾ! ಎಷ್ಟು ಓದಿದ್ದೀಯಮ್ಮಾ?"

ದ್ರೌಪದಿ ಬಾಯಿ ತೆರೆಯುವ ಮೊದಲೇ ಸುಮುಖ ಹೇಳಿದ, "ಟೆಂತ್ ಫೇಲ್ ಮೇಡಂ. ಆದ್ರೂ ಕಂಪ್ಯೂಟರ್ ಅಂದ್ರೆ ಆಸೆ. ದೂರದಿಂದ ನೋಡ್ತಾ ನಿಂತಿರ್ತಾಳೆ."

"ಅಯ್ಯೋ ಪಾಪ, ಹೌ ಸ್ವೀಟ್." ಅಪರ್ಣಾ ತನ್ನ ಲೋಟವನ್ನು ಅವಳ ಕೈಗಿಟ್ಟಳು. "ಇದೊಂಚೂರು ಬಿಸಾಕ್ಬಿಡು. ಇಲ್ಲಿ ಚೆಲ್ಲಿದೆ ನೋಡು, ಯಾರಾದ್ರೂ ಜಾರ್ತಾರೆ."

ದ್ರೌಪದಿ ಒರೆಸಿದಳು. ಹುಟ್ಟಿದ ಮೇಲೆ ಮೊದಲ ಸಲ. ಹಿಂಡದೆಯೇ ಎಳೆದಳು, ಕಾಫಿ ಇನ್ನಷ್ಟು ದೂರ ಹರಡಿತು.

"ಹೊಸಬಳು ಮೇಡಂ," ಎಂದ ಸುಮುಖ. ಇಬ್ಬರೂ ನಕ್ಕರು.

ಅಪರ್ಣಾಳನ್ನು ಕಾನ್ಫರೆನ್ಸ್ ರೂಮಿನಲ್ಲಿ ಕೂರಿಸಿ ಅವನು ಒಬ್ಬನೇ ತಿರುಗಿ ಬಂದಾಗ ದ್ರೌಪದಿ ಇನ್ನೂ ಅಲ್ಲೇ ಇದ್ದಳು, ಕೈಯಲ್ಲಿ ಮಾಪು.

"ಸರ್, ನನ್ನ ಲೆಟರ್?"

"ಈಗ ಕೇಳೋ ಟೈಮಾ ಇದು? ಸೈನ್ ಆಗಿದೆ, ಎಚ್ಆರ್ ಹತ್ರ ಇದೆ. ಹೌಸ್‌ಕೀಪಿಂಗ್ ಎಕ್ಸಿಕ್ಯೂಟಿವ್ ಅಂತ ಬರ್ಸಿದ್ದೀನಿ."

"ಹೌಸ್‌ಕೀಪಿಂಗ್?"

"ಎಕ್ಸಿಕ್ಯೂಟಿವ್ ಅಂತ ನಾನೇ ಸೇರ್ಸಿದ್ದು, ನಿನ್ ಮೇಲಿನ ಅಭಿಮಾನಕ್ಕೆ. ಇಂಜಿನಿಯರ್ ಅಂತ ಬರೆದ್ರೆ ನಾಳೆ ಈಯಮ್ಮ ಕೇಳಲ್ವಾ? ಮಷೀನ್ ಇರೋ ಕಡೆ ಇಂಜಿನಿಯರ್ ಎಲ್ಲಿಂದ ಬಂದ್ಲು ಅಂತ? ತಲೆ ಉಪಯೋಗ್ಸು. ನಡಿ ಒಳಗೆ."

ಅವಳು ಮಾಪಿನ ಸಮೇತ ಒಳಗೆ ನಡೆದಳು.

ಗೋಡೆಯಾಚೆ ಸುಮುಖ ಭಾಷಣ ಶುರು ಮಾಡಿದ. ಭವಿಷ್ಯ ಎಂದ, ಕ್ರಾಂತಿ ಎಂದ. ಆಮೇಲೆ ಅಪರ್ಣಾ ಮೇಡಂ ಟೈಪ್ ಮಾಡಿದ್ದು ಕೋಣೆಯ ಪರದೆಯ ಮೇಲೆ ಬಂತು: 'ಹಲೋ ಚಿಟಿಕೆ. ನಿನ್ನನ್ನು ಕಟ್ಟಿದವರು ಯಾರು? ಅವರ ಪರಿಚಯದ ಒಂದು ಪುಟ ಮಾಡು, ಫೋಟೋ ಸಮೇತ.'

ಈ ಪ್ರಶ್ನೆ ಬರಬಹುದೆಂದು ಸುಮುಖ ಮೊದಲೇ ಊಹಿಸಿ, ಕೈಕಟ್ಟಿ ನಿಂತ ತನ್ನ ಫೋಟೋ, ತನ್ನ ನೀಲಿ ದಾರದ ಗೆಳೆಯರ ಫೋಟೋ ಎಲ್ಲ ಹಾಕಿಸಿ ಪುಟ ಸಿದ್ಧ ಮಾಡಿಸಿದ್ದ. ಸಿದ್ಧ ಮಾಡಿದವಳು ದ್ರೌಪದಿಯೇ. ಲತೀಶ್ ಅದನ್ನು ಕಳಿಸಲು ಕೈ ಚಾಚಿದ.

"ತಡಿ."

ಅವಳು ಮಾಪಿನ ಕೋಲನ್ನು ಬಾಗಿಲ ಹಿಡಿಯೊಳಗೆ ತೂರಿಸಿ ಚೌಕಟ್ಟಿಗೆ ಅಡ್ಡ ಹಾಕಿದಳು. ಹೊರಗೆ ಎಳೆದು ತೆರೆಯುವ ಬಾಗಿಲು. ತಳ್ಳಿ ನೋಡಿದಳು, ಬಿಗಿಯಾಗಿತ್ತು. ಫೋನ್ ತೆಗೆದಳು.

"ಎಲ್ಲಾರೂ ಇಕಡಿ ನೋಡ್ರಿ."

"ಎಂಥ ಮಾಡ್ತಿ ಮಾರಾಯ್ತಿ? ಮಂಡೆ ಸಮ ಉಂಟಾ ನಿಂಗೆ? ಆ ಬೇವರ್ಸಿ ನಮ್ಮನ್ನು ಇಲ್ಲೇ ಹುಗೀತಾನೆ."

"ಹುಗದದ್ದು ಎರಡ ವರ್ಷ ಆತಲ್ಲೋ. ಬ್ಯಾಡಂದ್ರ ಹೇಳು, ನಿನ್ನ ಬಿಟ್ಟು ತಗಿತೀನಿ."

ಲತೀಶ್ ಪರದೆ ನೋಡಿದ, ಬಾಗಿಲು ನೋಡಿದ, ಉಳಿದ ಮೂವರನ್ನು ನೋಡಿದ. ಅವರಲ್ಲೊಬ್ಬ ಆಗಲೇ ಐಡಿ ಕಾರ್ಡನ್ನು ಅಂಗಿಯ ಮೇಲೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

"ಇರು," ಎಂದ ಲತೀಶ್. "ತಲೆ ಬಾಚಿಕೊಳ್ತೇನೆ."

ಗೋಡೆಯಾಚೆ ಚುಕ್ಕೆಗಳು ಕುಣಿಯುತ್ತಿದ್ದವು. 'ತುಂಬಾ ಆಳವಾಗಿ ಯೋಚಿಸ್ತಿದೆ ಮೇಡಂ' ಎಂಬ ಸುಮುಖನ ಧ್ವನಿ ಕೇಳಿತು. ದ್ರೌಪದಿ ತಾನು ಮಾಡಿದ್ದ ಪುಟದಿಂದ ಅವನ ಕೈಕಟ್ಟಿದ ಫೋಟೋವನ್ನು ಅಳಿಸಿದಳು. ಕಿಟಕಿಯಿಲ್ಲದ ಕೋಣೆ, ಐದು ಮುಖ, ಐದು ಬೂದು ದಾರ. ಕೆಳಗೆ ಐದು ಹೆಸರು, ಪ್ರತಿ ಹೆಸರಿನ ಮುಂದೆ 'ಹೌಸ್‌ಕೀಪಿಂಗ್ ಎಕ್ಸಿಕ್ಯೂಟಿವ್.' ಎಲ್ಲಕ್ಕಿಂತ ಕೆಳಗೆ ಒಂದು ಸಾಲು: 'ಚಿಟಿಕೆ ಅಂದರೆ ನಾವೇ. ಗೋಡೆಯ ಈಚೆ ಇದ್ದೇವೆ. ಈ ಮಷೀನಿಗೆ ಉಚ್ಚೆ ಬರುತ್ತದೆ.'

ಸರ್ ಎಂದಾಗಲಿ ಮೇಡಂ ಎಂದಾಗಲಿ ಸೇರಿಸಲಿಲ್ಲ. ಕಳಿಸಿದಳು.

ಆಚೆಯ ಭಾಷಣ ನಿಂತಿತು. ಕುರ್ಚಿ ಬಿತ್ತು. ಓಡಿ ಬಂದ ಹೆಜ್ಜೆಗಳು ಬಾಗಿಲ ಮುಂದೆ ನಿಂತವು. ಬಾಗಿಲು ಒಮ್ಮೆ ಅಲುಗಿ ಮಾಪಿಗೆ ಸಿಕ್ಕಿಕೊಂಡಿತು.

"ತೆಗಿಯೇ ಬಾಗ್ಲು! ದ್ರೌಪದೀ! ಬೋಳಿಮಗ್ಳೇ, ಸಾಯಿಸ್ಬಿಡ್ತೀನಿ!"

ಎರಡು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮೇಡಂ ಈಗ ಕೂಗಾಡುತ್ತಾಳೆ, ಬಾಗಿಲು ಬಡಿದು ಎದ್ದು ಹೋಗುತ್ತಾಳೆ, ಇವನ ಅಂಗಡಿ ಮುಚ್ಚುತ್ತದೆ ಎಂದು ಐವರೂ ಕಾದರು.

ಮೇಡಂ ಎದ್ದು ಹೋಗಲಿಲ್ಲ. ಟೈಪ್ ಮಾಡಿದಳು. 'ವಾವ್. ಹಾಗಿದ್ದರೆ ಇದು ಮಷೀನಿಗಿಂತ ಅಗ್ಗ! ಮೊದಲೇ ಹೇಳಬಾರದೇ? ಒಂದು ಡೌಟ್. ಐದು ಜನ ಮಾಡುವುದನ್ನು ಮೂರು ಜನ ಮಾಡಬಹುದೇ?'

ಬಾಗಿಲ ಎಳೆದಾಟ ನಿಂತಿತು. ಆಚೆಯಿಂದ ಮೇಡಂ ಸುಮುಖನನ್ನು ಕರೆದಳು, ಅವನು ಹೋದ, ಬಂದ. ಈ ಸಲ ಬಾಗಿಲಿನ ಸಂದಿಗೆ ಬಾಯಿಟ್ಟು ಮಾತಾಡಿದ. ಧ್ವನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

"ದ್ರೌಪದಿ ಅವ್ರೇ... ಕೋಪ ಮಾಡ್ಕೋಬೇಡ್ರಮ್ಮ. ಮೇಡಂ ಖುಷಿಯಾಗಿದ್ದಾರೆ. ಮೂರು ಜನ ಸಾಕು ಅಂತ ಉತ್ತರ ಹಾಕಿ, ಅಷ್ಟೇ. ಮೂರರಲ್ಲಿ ನೀವೊಬ್ರು, ಪ್ರಾಮಿಸ್. ಇಲ್ಲ, ಆ ಬೇರೆ ಕಂಪನಿಗೇ ಹೋಗ್ತೀರಾ, ಹೋಗಿ. ಇಂಜಿನಿಯರ್ ಅಂತಾನೇ ಬರ್ಕೊಡ್ತೀನಿ. ಸೀನಿಯರ್ ಇಂಜಿನಿಯರ್ ಅಂತ ಬೇಕಾದ್ರೂ. ಈಗ್ಲೇ. ಕೇಳಿಸ್ತಾ?"

ಕೇಳಿಸಿತು. ಐವರಿಗೂ ಕೇಳಿಸಿತು. ಲತೀಶ್ ಅವಳ ಕಡೆ ನೋಡಲಿಲ್ಲ. ಬಾಚಣಿಗೆಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರುತ್ತಾ ಕುಳಿತ.

ದ್ರೌಪದಿಯ ಬೆರಳುಗಳು ಕೀಬೋರ್ಡಿನ ಮೇಲಿದ್ದವು. ಸೋಮವಾರ, ನೀಲಿ ದಾರ, ಮುಂದಿನ ಲಿಫ್ಟು ಎಲ್ಲ ಆ ಬೆರಳುಗಳಿಗೆ ಗೊತ್ತಿತ್ತು. ಒಂದು ಸಾಲಿನ ಕೆಲಸ.

ಅವಳು ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಲತೀಶ್ ತನ್ನ ಕೀಬೋರ್ಡನ್ನು ದೂರ ತಳ್ಳಿದ. ಆಮೇಲೆ ಉಳಿದ ಮೂವರು. ಬಾಗಿಲಿನಾಚೆ ಸುಮುಖ ಅಮ್ಮಾ ಎನ್ನುತ್ತಿದ್ದ, ತಾಯೀ ಎನ್ನುತ್ತಿದ್ದ, ಮತ್ತೆ ಬೋಳಿಮಗಳೇ ಎನ್ನುತ್ತಿದ್ದ. ಗೋಡೆಯಾಚೆಯ ದೊಡ್ಡ ಪರದೆಯ ಮೇಲೆ ಮೂರು ಚುಕ್ಕೆಗಳು ಕುಣಿಯುತ್ತಲೇ ಇದ್ದವು, ಮನುಷ್ಯರ ಕೈ ಸೋಕದೆ.